ಒಂದು ಹಗಲಿಗೆ ದಕ್ಕುವ ಊರು: ತರಂಗಂಬಾಡಿ

ವಸಾಹತು ಕಾಲದ ಬಂದರುಗಳಲ್ಲಿ ಎರಡು ಬಗೆಯನ್ನು ಗುರುತಿಸಬಹುದು. ವ್ಯಾಪಾರ ಕೈಹಿಡಿದ ಮದ್ರಾಸು, ಮುಂಬಯಿ, ಕೊಲಂಬೊಗಳು ಮಹಾನಗರಗಳಾಗಿ ಬೆಳೆದು ತಮ್ಮ ಮೊದಲ ಬೀದಿಗಳನ್ನು ತಾವೇ ನುಂಗಿಕೊಂಡವು. ವ್ಯಾಪಾರ ಕೈಕೊಟ್ಟ ಊರುಗಳು ಇದ್ದಷ್ಟರಲ್ಲೇ ಉಳಿದುಕೊಂಡವು. ತಮಿಳುನಾಡಿನ ಮೈಲಾಡುತುರೈ ಜಿಲ್ಲೆಯ ಕಡಲಂಚಿನಲ್ಲಿರುವ ತರಂಗಂಬಾಡಿ ಎರಡನೆಯ ಬಗೆಗೆ ಸೇರಿದ್ದು. ಯೂರೋಪಿನ ದಾಖಲೆಗಳಲ್ಲಿ ಟ್ರಾಂಕೆಬಾರ್ ಎಂದು ನಮೂದಾಗಿರುವ ಈ ಊರು, ನಡುವೆ ಎರಡು ಸಲ ಬ್ರಿಟಿಷರ ವಶಕ್ಕೆ ಹೋದದ್ದನ್ನು ಬಿಟ್ಟರೆ, 1620ರಿಂದ 1845ರವರೆಗೆ ಡೆನ್ಮಾರ್ಕಿನ ಕೈಯಲ್ಲಿತ್ತು. ಲಾಭದ ಲೆಕ್ಕದಲ್ಲಿ ಅದು ಹೇಳಿಕೊಳ್ಳುವಂಥ ವಸಾಹತೇನೂ ಆಗಲಿಲ್ಲ. ಬಹುಶಃ ಅದೇ ಕಾರಣಕ್ಕೆ ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳ ಒಂದು ಕೋಟೆಪಟ್ಟಣದ ನಕ್ಷೆ ಇಂದಿಗೂ ಅಲ್ಲಿ ನಡೆದು ನೋಡುವಂತೆ ಉಳಿದಿದೆ.

ಬೇಕಾದ ಸಾಮಾನನ್ನೆಲ್ಲ ಒಂದೇ ಬೆನ್ನುಚೀಲಕ್ಕೆ ತುಂಬಿಕೊಂಡು, ಬಸ್ಸು ರೈಲುಗಳನ್ನೇ ನೆಚ್ಚಿ, ಕಡಿಮೆ ಖರ್ಚಿನಲ್ಲಿ ಊರು ಸುತ್ತುವ ಪ್ರವಾಸಿಯನ್ನು ಬ್ಯಾಕ್‌ಪ್ಯಾಕರ್ ಎಂದು ಕರೆಯುವುದು ಈಗ ರೂಢಿಯಾಗಿದೆ. ಅಂಥವರಿಗೆ ಇಷ್ಟು ಹೊಂದುವ ಊರು ಕೋರಮಂಡಲ ತೀರದಲ್ಲಿ, ಅಂದರೆ ತಮಿಳುನಾಡು ಮತ್ತು ಆಂಧ್ರದ ಪೂರ್ವ ಕರಾವಳಿಯಲ್ಲಿ, ಹೆಚ್ಚಿಲ್ಲ. ಮೈಸೂರಿನಿಂದ ಬೆಂಗಳೂರಿನ ಮೂಲಕ ಹೋಗುವ ರಾತ್ರಿ ರೈಲು ಬೆಳಗಿನ ಹೊತ್ತಿಗೆ ಮೈಲಾಡುತುರೈ ಮುಟ್ಟಿಸುತ್ತದೆ. ಅಲ್ಲಿಂದ ತರಂಗಂಬಾಡಿಗೆ ಸುಮಾರು ಮೂವತ್ತು ಕಿಲೋಮೀಟರ್. ಹಿಂದೆ ಈ ದೂರಕ್ಕೂ ಮೀಟರ್ ಗೇಜ್ ರೈಲು ಇತ್ತು. 1980ರ ದಶಕದಲ್ಲಿ ಅದು ನಿಂತುಹೋದ ಮೇಲೆ ಪೊರೈಯಾರಿನ ಕಡೆಗೆ ಹೋಗುವ ಬಸ್ಸುಗಳೇ ಗತಿ. ಕೋರಮಂಡಲಕ್ಕೆ ಮುಖ್ಯ ಮಳೆ ತರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈಶಾನ್ಯ ಮಾರುತ. ಚಂಡಮಾರುತಗಳ ಕಾಲವೂ ಅದೇ ಆದ್ದರಿಂದ ಜನವರಿ, ಫೆಬ್ರುವರಿ ತಿಂಗಳುಗಳೇ ಅಲೆದಾಟಕ್ಕೆ ಮೇಲು.

ಊರಿನ ಹಳೆಯ ಭಾಗವನ್ನು ಪ್ರವೇಶಿಸುವುದು ಒಂದು ಬಿಳಿಯ ಹೆಬ್ಬಾಗಿಲಿನ ಮೂಲಕ. ಡ್ಯಾನಿಷ್ ಭಾಷೆಯಲ್ಲಿ ಲಾಂಡ್‌ಪೋರ್ಟನ್, ಎಂದರೆ ನೆಲದ ಕಡೆಯ ಬಾಗಿಲು ಎಂದು ಕರೆಸಿಕೊಂಡ ಇದರ ಈಗಿನ ರೂಪ 1792ರದು. ಬಾಗಿಲಿನಿಂದ ನೇರವಾಗಿ ಕಡಲಿನತ್ತ ಹೋಗುವುದು ಕಿಂಗ್ ಸ್ಟ್ರೀಟ್, ಅದಕ್ಕೆ ಜೊತೆಯಾಗಿ ಸಾಗುವುದು ಕ್ವೀನ್ ಸ್ಟ್ರೀಟ್. ಅಕ್ಕಸಾಲಿಗರ ಬೀದಿ, ಮಸೀದಿ ಬೀದಿ ಮೊದಲಾದವು ಇವುಗಳ ಆಸುಪಾಸಿನಲ್ಲೇ ಹಬ್ಬಿವೆ. ಬಾಗಿಲಿನಿಂದ ಅಲೆಯವರೆಗೆ ನಿಧಾನವಾಗಿ ನಡೆದರೂ ಹತ್ತು ಹದಿನೈದು ನಿಮಿಷ ಸಾಕು. ಇಷ್ಟು ಪುಟ್ಟ ಜಾಗವಾದರೂ ಬಿಸಿಲನ್ನು ಗಮನದಲ್ಲಿಟ್ಟುಕೊಂಡು ನೋಡುವ ಕ್ರಮವನ್ನು ಹೊಂದಿಸಿಕೊಳ್ಳಬೇಕಾಗುತ್ತದೆ: ನೆರಳಿಲ್ಲದ ಕೋಟೆಯನ್ನು ಬೆಳಗ್ಗೆಯೇ ಮುಗಿಸಿ, ಹೊತ್ತೇರಿದ ಮೇಲೆ ಚರ್ಚು ಮನೆಗಳ ಬೀದಿಗಳಿಗೆ ಮರಳಿ, ಇಳಿಹೊತ್ತಿಗೆ ತೀರದತ್ತ ಹೊರಡುವುದು ಜಾಣತನ.

ಕಡಲಿಗೆ ಎದುರಾಗಿ ನಿಂತಿರುವ ಡಾನ್ಸ್‌ಬೋರ್ಗ್ ಕೋಟೆಯ ಹಿಂದೆ ಇರುವುದು ಒಂದು ವಿಫಲ ಯಾತ್ರೆಯ ಕಥೆ. 1616ರಲ್ಲಿ ಸ್ಥಾಪನೆಯಾದ ಡ್ಯಾನಿಷ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು 1618ರಲ್ಲಿ ಹೊರಟದ್ದು ಸಿಂಹಳಕ್ಕೆ, ಕ್ಯಾಂಡಿಯ ಅರಸನೊಡನೆ ಒಪ್ಪಂದ ಮಾಡಿಕೊಳ್ಳಲು. ಮುಂದಾಗಿ ಬಂದ ರೋಲಂಡ್ ಕ್ರಾಪೆಯ ಹಡಗನ್ನು ಪೋರ್ಚುಗೀಸರು ಕಾರೈಕಲ್ ಬಳಿ ಮುಳುಗಿಸಿದರು. ಬದುಕಿ ದಡ ಸೇರಿದ ಕ್ರಾಪೆ ಮತ್ತು ಕೆಲವರು ತಂಜಾವೂರಿನ ಆಸ್ಥಾನ ತಲುಪಿದರು. ಸಿಂಹಳದ ಮಾತುಕತೆ ಫಲಿಸದೆ ಹಿಂದಿರುಗಿದ ಯುವ ನೌಕಾನಾಯಕ ಓವೆ ಗೆಡ್ಡೆ, ಕ್ರಾಪೆ ಹಾಕಿಕೊಟ್ಟ ದಾರಿಯಲ್ಲಿ ತಂಜಾವೂರಿನ ರಘುನಾಥ ನಾಯಕನೊಡನೆ 1620ರ ನವೆಂಬರಿನಲ್ಲಿ ಕರಾರು ಮಾಡಿಕೊಂಡು, ವಾರ್ಷಿಕ ಕಾಣಿಕೆಯ ಷರತ್ತಿನ ಮೇಲೆ ಈ ಮೀನುಗಾರರ ಹಳ್ಳಿಯನ್ನು ಪಡೆದ. ರಘುನಾಥ ನಾಯಕ ಡೆನ್ಮಾರ್ಕಿನ ದೊರೆ ನಾಲ್ಕನೆಯ ಕ್ರಿಶ್ಚಿಯನ್ನನಿಗೆ ಚಿನ್ನದ ತಗಡಿನ ಮೇಲೆ ತಮಿಳಿನಲ್ಲಿ ಬರೆಸಿ, ತೆಲುಗಿನಲ್ಲಿ ರುಜು ಹಾಕಿ ಕಳಿಸಿದ ಪತ್ರ ಕೋಪನ್‌ಹೇಗನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಇಂದಿಗೂ ಇದೆ. ತಂಜಾವೂರಿನ ನಾಯಕರು ವಿಜಯನಗರದ ಅರಸರು ನೇಮಿಸಿದ ಅಧಿಕಾರಿಗಳ ವಂಶದವರು ಎಂಬುದನ್ನೂ, ರಘುನಾಥನ ಆಸ್ಥಾನದಲ್ಲಿ ಮಂತ್ರಿಯಾಗಿದ್ದ, 'ಸಂಗೀತ ಸುಧಾ' ಗ್ರಂಥದೊಂದಿಗೆ ಹೆಸರು ಹೆಣೆದುಕೊಂಡಿರುವ ಗೋವಿಂದ ದೀಕ್ಷಿತರು ಕನ್ನಡ ಮೂಲದವರು ಎಂಬುದನ್ನೂ ನೆನೆದರೆ, ಈ ಚಿನ್ನದ ಓಲೆ ಹೊರಟ ದರ್ಬಾರು ಎಷ್ಟು ಭಾಷೆಗಳ ಜಾಗವಾಗಿತ್ತೆಂಬುದು ಸ್ಪಷ್ಟವಾಗುತ್ತದೆ. ಯೂರೋಪಿನವರು ಎಲ್ಲೆಡೆ ಗೆದ್ದೇ ನೆಲೆಯೂರಿದರು ಎಂಬ ಸರಳ ಗ್ರಹಿಕೆಯೂ ಇಲ್ಲಿ ಸಡಿಲಾಗುತ್ತದೆ. ಇಲ್ಲಿ ಅವರು ಬಾಡಿಗೆದಾರರಾಗಿದ್ದರು.

ಕೋಟೆ ಇಟ್ಟಿಗೆಯದು, ಮೇಲೆ ಸುಣ್ಣದ ಗಾರೆ. ಕೆಳಗಿನ ಅಂತಸ್ತಿನ ಕಮಾನು ಚಾವಣಿಯ ಕೋಣೆಗಳಲ್ಲಿ ಉಗ್ರಾಣ, ಮದ್ದಿನ ಮನೆ, ಸೆರೆಮನೆಗಳಿದ್ದವು. ಮೇಲಿನದರಲ್ಲಿ ಗವರ್ನರನೂ ಪಾದ್ರಿಯೂ ವ್ಯಾಪಾರಿ ಅಧಿಕಾರಿಗಳೂ ವಾಸಿಸುತ್ತಿದ್ದರು. ಈಗ ರಾಜ್ಯ ಪುರಾತತ್ವ ಇಲಾಖೆಯ ಸಂಗ್ರಹಾಲಯ ಇರುವುದು ಇದರಲ್ಲೇ. ಈ ತೀರದಲ್ಲಿ ಸ್ವಾಭಾವಿಕ ಬಂದರು ಇಲ್ಲ. ಹಡಗುಗಳು ದಡದಿಂದ ದೂರದಲ್ಲಿ ಲಂಗರು ಹಾಕಿದರೆ, ಸ್ಥಳೀಯ ಅಂಬಿಗರು ಹಲಗೆಗಳನ್ನು ನಾರಿನ ಹುರಿಯಿಂದ ಹೊಲಿದು ಮಾಡಿದ ದೋಣಿಗಳಲ್ಲಿ ಸರಕನ್ನೂ ಜನರನ್ನೂ ಅಲೆ ದಾಟಿಸಬೇಕಿತ್ತು. ಮೊಳೆ ಹೊಡೆದ ದೋಣಿ ಆ ಅಲೆಗಳ ಹೊಡೆತಕ್ಕೆ ಬಿರಿಯುತ್ತದೆ, ಹೊಲಿದದ್ದು ಬಾಗಿ ಬಳುಕಿ ತಡೆದುಕೊಳ್ಳುತ್ತದೆ. ಕೊತ್ತಳದ ಮೇಲೆ ನಿಂತು ನೋಡುವವರು ಫಿರಂಗಿಗಳ ಜೊತೆಗೆ ಈ ದೋಣಿಗಳನ್ನೂ ಊಹಿಸಿಕೊಳ್ಳಬೇಕು, ಯಾಕೆಂದರೆ ಕಂಪನಿಯ ಒಂದು ಮೂಟೆ ಮೆಣಸು ಅಥವಾ ಒಂದು ಕಟ್ಟು ಬಟ್ಟೆಯೂ ಅಂಬಿಗರ ಕೈದಾಟದೆ ಹಡಗೇರುತ್ತಿರಲಿಲ್ಲ.

ಡಾನ್ಸ್‌ಬೋರ್ಗಿನ ಚರಿತ್ರೆಯಲ್ಲಿ ಅತ್ಯಂತ ಕುತೂಹಲದ ಅಧ್ಯಾಯ ಮರೆವಿನದು. 1640ರ ಆಸುಪಾಸಿನಿಂದ 1669ರವರೆಗೆ, ಸುಮಾರು ಮೂರು ದಶಕಗಳ ಕಾಲ, ಡೆನ್ಮಾರ್ಕಿನಿಂದ ಒಂದೂ ಹಡಗು ಬರಲಿಲ್ಲ. ಯೂರೋಪಿನ ಯುದ್ಧಗಳಲ್ಲಿ ದೇಶ ದಿವಾಳಿಯ ಅಂಚಿಗೆ ಬಂದಿತ್ತು. 1650ರಲ್ಲಿ ಕಂಪನಿಯನ್ನೇ ವಿಸರ್ಜಿಸಲಾಯಿತು. ಕೋಟೆಯಲ್ಲಿದ್ದ ಡ್ಯಾನಿಷರು ಒಬ್ಬೊಬ್ಬರಾಗಿ ಸತ್ತು, ಕೊನೆಗೆ ಹೊಣೆ ಬಿದ್ದದ್ದು ಎಸ್ಕಿಲ್ಡ್ ಆಂಡರ್ಸನ್ ಕಾಂಗ್ಸ್‌ಬಾಕ್ಕೆ ಎಂಬ ಸಾಮಾನ್ಯ ಮನೆತನದವನ ಮೇಲೆ. ಅವನು ಸ್ಥಳೀಯರನ್ನೇ ಪಡೆಗೆ ಸೇರಿಸಿಕೊಂಡು, ಬಂಗಾಳಕೊಲ್ಲಿಯಲ್ಲಿ ಹಡಗುಗಳನ್ನು ಹಿಡಿದು ಅವುಗಳ ಸರಕಿನಿಂದ ಖರ್ಚು ತೂಗಿಸುತ್ತ, ತಂಜಾವೂರಿನ ಮುತ್ತಿಗೆಗಳನ್ನು ತಡೆದು, ಪಟ್ಟಣದ ಸುತ್ತ ಗೋಡೆಯನ್ನೂ ಎಬ್ಬಿಸಿದ. ಅವನ ಕೆಲಸದ ಒಂದು ಪಾಲನ್ನು ಕಡಲ್ಗಳ್ಳತನ ಎನ್ನದೆ ವಿಧಿಯಿಲ್ಲ. ಆದರೂ 1669ರಲ್ಲಿ 'ಫೇರೋ' ಎಂಬ ಹಡಗು ಬಂದು ನಿಂತಾಗ ಕೋಟೆಯ ಮೇಲೆ ಡ್ಯಾನಿಷ್ ಧ್ವಜ ಹಾರುತ್ತಲೇ ಇತ್ತು. ಕೋಪನ್‌ಹೇಗನ್ನಿಗೆ ಬೇಡವಾಗಿದ್ದ ವಸಾಹತೊಂದು ಅಲ್ಲಿಯೇ ಬಿದ್ದುಕೊಂಡಿದ್ದವರ ಹಟದಿಂದ ಉಳಿಯಿತು ಎಂಬುದು ಸಾಮ್ರಾಜ್ಯಗಳ ಕುರಿತ ಪಠ್ಯಪುಸ್ತಕದ ವಿವರಣೆಗಳಲ್ಲಿ ಸುಲಭವಾಗಿ ಸೇರುವ ಸಂಗತಿಯಲ್ಲ.

ಹದಿನೆಂಟನೆಯ ಶತಮಾನದಲ್ಲಿ ಸ್ಥಿತಿ ಸುಧಾರಿಸಿತು. ಇಂಗ್ಲಿಷರೂ ಫ್ರೆಂಚರೂ ಕಾದಾಡುತ್ತಿದ್ದಾಗ ತಟಸ್ಥವಾಗಿದ್ದ ಡೆನ್ಮಾರ್ಕಿನ ಹಡಗುಗಳಿಗೆ ಬೇಡಿಕೆ ಹೆಚ್ಚಿತು. ಬ್ರಿಟಿಷ್ ಕಂಪನಿಯ ನೌಕರರು ಖಾಸಗಿಯಾಗಿ ಗಳಿಸಿದ ಸಂಪತ್ತನ್ನು ತಮ್ಮ ಮಾಲೀಕರ ಕಣ್ಣುತಪ್ಪಿಸಿ ಯೂರೋಪಿಗೆ ಸಾಗಿಸಲು ಈ ಧ್ವಜದ ಮರೆಯನ್ನು ಬಳಸಿಕೊಂಡರು. ಕೋಟೆಯ ಎದುರಿನ ಬಯಲಾದ ಪೆರೇಡ್ ಮೈದಾನದಾಚೆಗಿನ ಗವರ್ನರನ ಬಂಗಲೆ, ಕಿಂಗ್ ಸ್ಟ್ರೀಟಿನ ಕಂಬಸಾಲಿನ ಮನೆಗಳು ಈ ಅನುಕೂಲಸ್ಥ ಕಾಲವನ್ನು ನೆನಪಿಸುತ್ತವೆ. ಮುಂದೆ ಫ್ರಾನ್ಸಿನ ರಾಜನೀತಿಜ್ಞ ತಾಲೆರಾಂನನ್ನು ಮದುವೆಯಾದ ಕ್ಯಾಥರೀನ್ ಗ್ರಾಂಡ್ ಹುಟ್ಟಿದ್ದು ಈ ಊರಿನಲ್ಲೇ. ಇದೇ ಊರಿನಿಂದ, ಇನ್ನೂ ಹಿಂದೆ ಹದಿನೇಳನೆಯ ಶತಮಾನದ ಕ್ಷಾಮಗಳಲ್ಲಿ, ಹಸಿವಿನಿಂದ ಮಾರಾಟವಾದವರನ್ನು ಗುಲಾಮರಾಗಿ ಕೊಂಡು ಆಗ್ನೇಯ ಏಷ್ಯಾದ ಕಡೆಗೆ ಹಡಗೇರಿಸಿದ್ದೂ ಉಂಟು. ಪ್ರವಾಸಿ ಫಲಕಗಳು ಈ ಎರಡನೆಯ ವಿಷಯವನ್ನು ದೊಡ್ಡದಾಗಿ ಬರೆಯುವುದಿಲ್ಲ.

ಆದರೆ ತರಂಗಂಬಾಡಿಗೆ ವಿದ್ವತ್ತಿನ ಚರಿತ್ರೆಯಲ್ಲಿ ಶಾಶ್ವತ ಸ್ಥಾನ ಸಿಕ್ಕಿದ್ದು ಮೆಣಸಿನಿಂದಾಗಲಿ ಬಟ್ಟೆಯಿಂದಾಗಲಿ ಅಲ್ಲ. ಕಿಂಗ್ ಸ್ಟ್ರೀಟಿನಲ್ಲಿ ಎರಡು ಚರ್ಚುಗಳಿವೆ: ಒಂದು ಯೂರೋಪಿನವರಿಗಾಗಿ 1701ರಲ್ಲಿ ಕಟ್ಟಿದ ಜಿಯಾನ್ ಚರ್ಚು, ಇನ್ನೊಂದು ತಮಿಳು ಸಭೆಗಾಗಿ 1718ರಲ್ಲಿ ಕಟ್ಟಿದ, ಶಿಲುಬೆಯಾಕಾರದ ತಳವಿನ್ಯಾಸವುಳ್ಳ ನ್ಯೂ ಜೆರುಸಲೇಮ್ ಚರ್ಚು. ಎರಡನೆಯದರಲ್ಲಿ ಸಮಾಧಿಯಾಗಿರುವ ಬಾರ್ಥೊಲೊಮೇಯಸ್ ಸೀಗೆನ್‌ಬಾಲ್ಗ್, ಹೈನ್ರಿಷ್ ಪ್ಲೂಟ್‌ಶೌ ಎಂಬ ಸಂಗಡಿಗನೊಡನೆ 1706ರ ಜುಲೈನಲ್ಲಿ ಇಲ್ಲಿಗೆ ಬಂದ ಜರ್ಮನ್. ಕಳಿಸಿದವನು ಡೆನ್ಮಾರ್ಕಿನ ದೊರೆ ನಾಲ್ಕನೆಯ ಫ್ರೆಡರಿಕ್. ಅವರ ಚಿಂತನೆಯ ನೆಲೆ ಜರ್ಮನಿಯ ಹಾಲೆ ನಗರ. ಆಚರಣೆಗಿಂತ ಅಂತರಂಗದ ಭಕ್ತಿಗೂ ಪ್ರತಿಯೊಬ್ಬರೂ ತಮ್ಮ ನುಡಿಯಲ್ಲೇ ಬೈಬಲ್ ಓದುವುದಕ್ಕೂ ಒತ್ತು ಕೊಟ್ಟ ಪಯಟಿಸಂ ಎಂಬ ಲೂಥರನ್ ಪಂಥದ ಕೇಂದ್ರ ಅದು. ತಮ್ಮ ನುಡಿಯಲ್ಲೇ ಓದಬೇಕಾದರೆ ಆ ನುಡಿ ಕಲಿಯಬೇಕು, ಶಾಲೆ ತೆರೆಯಬೇಕು, ಪುಸ್ತಕ ಅಚ್ಚು ಹಾಕಬೇಕು. ಮುಂದಿನ ಹದಿಮೂರು ವರ್ಷ ಸೀಗೆನ್‌ಬಾಲ್ಗ್ ಮಾಡಿದ್ದು ಇದನ್ನೇ. ಕೂಲಿಮಠದ ಮಕ್ಕಳ ಜೊತೆ ನೆಲದಲ್ಲಿ ಕುಳಿತು, ಮರಳಿನಲ್ಲಿ ಬೆರಳಾಡಿಸಿ ಅವನು ತಮಿಳು ಅಕ್ಷರ ತಿದ್ದಿದ. ಬಳಿಕ ಓಲೆಗರಿಯ ಹಸ್ತಪ್ರತಿಗಳನ್ನು ಒಟ್ಟುಗೂಡಿಸಿ ಅವುಗಳ ಸೂಚಿಯನ್ನೇ ಬರೆದ. ಡ್ಯಾನಿಷ್ ಅಧಿಕಾರಿಗಳಿಗೆ ಅವನ ಉತ್ಸಾಹ ತಲೆನೋವಾಯಿತು: 1708ರಲ್ಲಿ ಕೋಟೆಯ ಮುಖ್ಯಸ್ಥ ಅವನನ್ನು ಡಾನ್ಸ್‌ಬೋರ್ಗಿನಲ್ಲೇ ನಾಲ್ಕು ತಿಂಗಳು ಸೆರೆಯಿಟ್ಟ. ಬೆಳಗ್ಗೆ ಕೋಟೆಯ ಕೆಳಕೋಣೆಗಳನ್ನು ನೋಡಿ ಬಂದವರಿಗೆ ಈ ಮಾತಿನ ತೂಕ ತಿಳಿಯುತ್ತದೆ.

ಮುದ್ರಣದ ಕಥೆ ಇನ್ನೂ ಸ್ವಾರಸ್ಯಕರ. ಲಂಡನ್ನಿನ ಒಂದು ಧಾರ್ಮಿಕ ಸಂಘ ಕಳಿಸಿಕೊಟ್ಟ ಮುದ್ರಣಯಂತ್ರವಿದ್ದ ಹಡಗು ದಾರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿತು. ಯಂತ್ರ ಹೇಗೋ ಉಳಿದು ಬಂದರೂ ಅದನ್ನು ನಡೆಸಬೇಕಾಗಿದ್ದ ಮುದ್ರಕ ಪ್ರಯಾಣದಲ್ಲೇ ತೀರಿಕೊಂಡ. ಕೋಟೆಯ ಸಿಪಾಯಿಯೊಬ್ಬನಿಗೆ ಅಚ್ಚಿನ ಕೆಲಸ ಗೊತ್ತಿದ್ದುದರಿಂದ ಕೆಲಸ ಶುರುವಾಯಿತು. ಹಾಲೆಯಲ್ಲಿ ಎರಕ ಹೊಯ್ದು ಕಳಿಸಿದ ತಮಿಳು ಅಚ್ಚುಮೊಳೆಗಳು ತೀರ ದೊಡ್ಡವಾಗಿದ್ದವು. ಅಕ್ಷರ ದೊಡ್ಡದಾದರೆ ಕಾಗದ ಹೆಚ್ಚು ಬೇಕು, ಕಾಗದ ಬರುವುದು ಯೂರೋಪಿನಿಂದ. ಆದ್ದರಿಂದ ಚಿಕ್ಕ ಮೊಳೆಗಳನ್ನು ಊರಿನಲ್ಲೇ ಎರಕ ಹೊಯ್ಯಲಾಯಿತು. ಅದಕ್ಕೆ ಬೇಕಾದ ಸೀಸ ದೊರೆತದ್ದು ಇಂಗ್ಲೆಂಡಿನಿಂದ ಚೀಸ್ ತುಂಬಿ ಬಂದಿದ್ದ ಡಬ್ಬಿಗಳಿಂದ ಎಂದು ಹೇಳಲಾಗಿದೆ. ನೆರೆಯ ಪೊರೈಯಾರಿನಲ್ಲಿ ಕಾಗದದ ಗಿರಣಿಯನ್ನೂ ಹೂಡಿದರು. 1714 ಮತ್ತು 1715ರಲ್ಲಿ ತಮಿಳು ಹೊಸ ಒಡಂಬಡಿಕೆ ಎರಡು ಭಾಗಗಳಾಗಿ ಹೊರಬಂತು. ಭಾರತದ ಮೊದಲ ಮುದ್ರಣಾಲಯ ಇದು ಎಂದು ಅಲ್ಲಲ್ಲಿ ಕೇಳಿಬರುವ ಮಾತು ಮಾತ್ರ ಸರಿಯಲ್ಲ: ಗೋವಾದಲ್ಲಿ 1556ರಲ್ಲೇ ಮುದ್ರಣ ಆರಂಭವಾಗಿತ್ತು, ಕೊಲ್ಲಂನಲ್ಲಿ 1578ರಲ್ಲಿ ತಮಿಳು ಲಿಪಿಯಲ್ಲೇ ಒಂದು ಕಿರುಪುಸ್ತಕ ಅಚ್ಚಾಗಿತ್ತು. ತರಂಗಂಬಾಡಿಯ ಹೆಚ್ಚುಗಾರಿಕೆ ಬೇರೆಯದು. ಮೊಳೆ, ಕಾಗದ, ಶಾಲೆ, ಓದುಗ ಇವೆಲ್ಲವನ್ನೂ ಒಂದೇ ಊರಿನಲ್ಲಿ ಒಟ್ಟಿಗೆ ಹೊಂದಿಸಿ ಮುದ್ರಣವನ್ನು ನಿರಂತರ ವ್ಯವಸ್ಥೆಯಾಗಿಸಿದ್ದು ಅಲ್ಲಿ.

ಸೀಗೆನ್‌ಬಾಲ್ಗನ ಮತ್ತೊಂದು ಕೃತಿಯ ಗತಿ ಇದಕ್ಕೆ ತದ್ವಿರುದ್ಧ. ದಕ್ಷಿಣ ಭಾರತದ ದೇವದೇವತೆಗಳ ವಂಶಾವಳಿಯನ್ನು ತಮಿಳು ಗ್ರಂಥಗಳ ಮತ್ತು ಜನರ ಬಾಯಿಮಾತಿನ ಆಧಾರದ ಮೇಲೆ ವಿವರಿಸಿ 1713ರಲ್ಲಿ ಅವನು ಹಾಲೆಗೆ ಕಳಿಸಿದ ಹಸ್ತಪ್ರತಿಯನ್ನು ಅಲ್ಲಿನ ಹಿರಿಯರು ಅಚ್ಚು ಹಾಕಿಸಲಿಲ್ಲ. ಅನ್ಯಧರ್ಮವನ್ನು ಅಳಿಸಲೆಂದು ಹೋದವನು ಅದನ್ನು ಯೂರೋಪಿನಲ್ಲಿ ಹರಡುವುದೇ ಎಂಬುದು ಅವರ ಆಕ್ಷೇಪವಾಗಿತ್ತು. 1867ರಲ್ಲಿ ಮದ್ರಾಸಿನಲ್ಲಿ ಅದು ಪ್ರಕಟವಾಗುವ ಹೊತ್ತಿಗೆ ಬರೆದವನು ತೀರಿಕೊಂಡು ಸುಮಾರು ಒಂದೂವರೆ ಶತಮಾನ ಕಳೆದಿತ್ತು. ಕನ್ನಡದ ಓದುಗರಿಗೆ ಇಲ್ಲೊಂದು ಪರಿಚಿತ ದಾರಿ ಕಾಣಿಸದಿರದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಬೇರುಗಳೂ ಪಯಟಿಸಂ ಪರಂಪರೆಯಲ್ಲೇ ಇದ್ದವು. 1841ರಲ್ಲಿ ಅವರು ಹೂಡಿದ ಅಚ್ಚುಕೂಟ, 1843ರ 'ಮಂಗಳೂರ ಸಮಾಚಾರ', 1894ರಲ್ಲಿ ಹೊರಬಂದ ಕಿಟ್ಟೆಲ್ಲರ ನಿಘಂಟು, ಇವೆಲ್ಲ ಅದೇ ಬಗೆಯ ದುಡಿಮೆಯ ಫಲ. ಮತಪ್ರಸಾರಕ್ಕೆಂದು ಹೊರಟದ್ದು ಭಾಷೆಯ ವಶವಾಗುವ ವಿದ್ಯಮಾನ ಪಶ್ಚಿಮ ಕರಾವಳಿಗಿಂತ ಶತಮಾನಕ್ಕೂ ಮೊದಲೇ ಈ ಪೂರ್ವ ತೀರದಲ್ಲಿ ನಡೆದಿತ್ತು.

ತರಂಗಂಬಾಡಿಯ ಮಿಷನ್ನಿನವರೂ ಕೋಟೆಯ ಅಧಿಕಾರಿಗಳೂ ಮುಂದೆ ನಿಸರ್ಗವಿಜ್ಞಾನದಲ್ಲಿ ತೊಡಗಿದರು. ಲಿನೇಯಸ್‌ನ ಶಿಷ್ಯ ಯೋಹಾನ್ ಗೆರಾರ್ಡ್ ಕೋನಿಗ್ 1768ರಲ್ಲಿ ಇಲ್ಲಿಗೆ ವೈದ್ಯನಾಗಿ ಬಂದು ಸಸ್ಯಸಂಗ್ರಹದ ಪರಂಪರೆಗೆ ತಳಹದಿ ಹಾಕಿದ. ಮಿಷನರಿ ಜಾನ್ ಬರ್ಲಿನ್ನಿಗೆ ಕಳಿಸಿದ ಮೀನುಗಳಿಂದ ಹೊಸ ಪ್ರಭೇದಗಳ ವರ್ಣನೆ ನಡೆದು, ಒಂದು ಮೀನಿನ ಕುಲಕ್ಕೆ ಅವನದೇ ಹೆಸರು ಬಂತು. ಡಾಲ್ಡಾರ್ಫ್ ಎಂಬ ಸೇನಾಧಿಕಾರಿ, ಕೊಳದ ಪಕ್ಕದ ತಾಳೆಮರದ ಬೊಡ್ಡೆಯ ಬಿರುಕಿನಲ್ಲಿ ನೀರಿನಿಂದ ಸುಮಾರು ಐದು ಅಡಿ ಎತ್ತರದಲ್ಲಿ, ಕಿವಿರುಮುಚ್ಚಳದ ಮುಳ್ಳುಗಳನ್ನು ಊರಿಕೊಂಡು ಹತ್ತುತ್ತಿದ್ದ ಮೀನೊಂದನ್ನು ತಾನೇ ಹಿಡಿದದ್ದಾಗಿ ಲಂಡನ್ನಿನ ಲಿನಿಯನ್ ಸೊಸೈಟಿಗೆ ಬರೆದ ವರದಿ 1797ರಲ್ಲಿ ಅಚ್ಚಾಯಿತು. ಅನಾಬಾಸ್ ಎಂದು ಈಗ ಕರೆಯುವ ಈ ಮೀನು ಗಾಳಿಯನ್ನು ಉಸಿರಾಡಬಲ್ಲದು, ತೇವದ ನೆಲದ ಮೇಲೆ ತೆವಳಬಲ್ಲದು. ಮರ ಹತ್ತುವ ಮಾತನ್ನು ವಿಜ್ಞಾನಿಗಳು ಆಗಲೂ ಈಗಲೂ ಅಷ್ಟಾಗಿ ನಂಬಿದವರಲ್ಲ.

ಮಧ್ಯಾಹ್ನದ ನೆರಳಿನಲ್ಲಿ ಮನೆಗಳನ್ನು ನೋಡುತ್ತ ನಡೆಯುವವರು ಚಾವಣಿಗಳನ್ನು ಗಮನಿಸಬೇಕು. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸಾಲಿಟ್ಟು, ಮೇಲೆ ಸುಣ್ಣದ ಗಚ್ಚು ಬಡಿದು ಮಾಡುವ ಈ ವಿಧಾನಕ್ಕೆ ಮದ್ರಾಸ್ ತಾರಸಿ ಎಂದು ಹೆಸರು. ಯೂರೋಪಿನ ಕಂಬಸಾಲಿನ ವರಾಂಡವೂ ತಮಿಳು ಮನೆಯ ಜಗಲಿಯೂ ಒಂದೇ ಬೀದಿಯಲ್ಲಿ ಎದುರುಬದುರಾಗಿವೆ. ಎರಡರ ಉದ್ದೇಶವೂ ಬಿಸಿಲನ್ನು ಗೋಡೆಗೆ ತಾಗದಂತೆ ದೂರ ಇಡುವುದೇ.

ತೀರದಲ್ಲಿ ಓಜೋನ್ ಸಮೃದ್ಧವಾಗಿರುವುದರಿಂದ ಇಲ್ಲಿನ ಗಾಳಿ ಆರೋಗ್ಯಕರ ಎಂಬ ಪ್ರಚಾರ ಬಹಳ ಕಾಲದಿಂದ ಇದೆ. ಉಸಿರಾಡುವ ಗಾಳಿಯಲ್ಲಿ ಓಜೋನ್ ಹೆಚ್ಚಿದ್ದರೆ ಶ್ವಾಸಕೋಶಕ್ಕೆ ಕೆಡುಕು. ಕಡಲಿನ ವಿಶಿಷ್ಟ ವಾಸನೆಗೆ ಮುಖ್ಯ ಕಾರಣ ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ಹೊಮ್ಮುವ ಡೈಮಿಥೈಲ್ ಸಲ್ಫೈಡ್ ಎಂಬ ಗಂಧಕಯುಕ್ತ ಅನಿಲ. ಗಾಳಿ ಹಿತವಾಗಿರುವುದಕ್ಕೆ ಓಜೋನಿನ ಹಂಗು ಬೇಕಾಗಿಲ್ಲ. ಇಲ್ಲಿ ಗಂಭೀರವಾಗಿ ನೋಡಬೇಕಾದದ್ದು ಕೊರೆತ. ಪಾಂಡ್ಯ ದೊರೆ ಮಾರವರ್ಮನ್ ಕುಲಶೇಖರನ ಕಾಲದ, 1306ರ ಮಾಸಿಲಾಮಣಿನಾಥ ದೇವಾಲಯದ ಮುಂಭಾಗವನ್ನು ಕಡಲು ನುಂಗಿದೆ. ಕೋಟೆಯ ಹೊರಗೋಡೆಗಳಲ್ಲೂ ಬಹುಪಾಲು ಉಳಿದಿಲ್ಲ. ದಡದಲ್ಲಿ ಹೇರಿರುವ ದೊಡ್ಡ ಬಂಡೆಗಳು ಉಳಿದದ್ದನ್ನು ಕಾಯುವ ಪ್ರಯತ್ನ. ಡೆನ್ಮಾರ್ಕಿನವರು ಬರುವುದಕ್ಕೆ ಮೂರು ಶತಮಾನ ಮೊದಲೇ ಇಲ್ಲಿ ಊರೂ ದೇವಾಲಯವೂ ಇದ್ದವೆಂಬುದನ್ನು ಹೇಳುವ ಈ ಗುಡಿಗೆ ಪ್ರವಾಸಿಗಳು ಕೊಡುವ ಸಮಯ ಕೋಟೆಗೆ ಕೊಡುವುದಕ್ಕಿಂತ ತೀರ ಕಡಿಮೆ.

2004ರ ಡಿಸೆಂಬರ್ 26ರ ಸುನಾಮಿ ಇಲ್ಲಿ ನೂರಾರು ಜೀವಗಳನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ಹೆಚ್ಚಿನವರು ಮೀನುಗಾರರ ಕೇರಿಯವರು. ಕೋಟೆ ನಿಂತಿತು, ಗುಡಿಸಲುಗಳು ಹೋದವು. ಆನಂತರ ಬದುಕುಳಿದವರಿಗೆ ತೀರದಿಂದ ಒಳಗೆ ಮನೆಗಳಾದವು. ಜೊತೆಗೆ ಇಂಟ್ಯಾಕ್ ಎಂಬ ಪಾರಂಪರಿಕ ಸಂರಕ್ಷಣಾ ಸಂಸ್ಥೆಯೂ ಡೆನ್ಮಾರ್ಕಿನ ರಾಷ್ಟ್ರೀಯ ಸಂಗ್ರಹಾಲಯವೂ ಹಳೆಯ ಕಟ್ಟಡಗಳ ದುರಸ್ತಿಗೆ ಕೈಜೋಡಿಸಿದವು, ಕೆಲವು ಬಂಗಲೆಗಳು ಹೋಟೆಲುಗಳಾದವು. ದುರಸ್ತಿಯ ಗುಣಮಟ್ಟ ಮೆಚ್ಚತಕ್ಕದ್ದೇ. ಆದರೆ ಬಲೆ ಒಣಹಾಕಲು, ದೋಣಿ ಎಳೆದಿಡಲು ಬೇಕಾದ ತೀರ ಪಾರಂಪರಿಕ ವಲಯವೆಂದು ಅಂದವಾದಷ್ಟೂ ಅದನ್ನು ದಿನವೂ ಬಳಸುವವರ ಜಾಗ ಕಿರಿದಾಗದಂತೆ ನೋಡಿಕೊಳ್ಳುವ ಹೊಣೆ ಯೋಜಕರ ಮೇಲಿದೆ, ಯಾಕೆಂದರೆ 1620ರ ಕರಾರಿಗೆ ಮೊದಲಿನಿಂದಲೂ ಇಲ್ಲಿ ನೆಲೆಸಿದ್ದವರು ಕಡಲನ್ನು ನಂಬಿದ ಇವರೇ.

1845ರಲ್ಲಿ ಡೆನ್ಮಾರ್ಕ್, ಬಂಗಾಳದ ಶ್ರೀರಾಮಪುರವನ್ನೂ ಸೇರಿಸಿ, ತನ್ನ ಭಾರತದ ನೆಲೆಗಳನ್ನು ಹನ್ನೆರಡೂವರೆ ಲಕ್ಷ ರೂಪಾಯಿಗೆ ಬ್ರಿಟಿಷರಿಗೆ ಮಾರಿತು. ಕೆಲಕಾಲ ಜಿಲ್ಲಾ ಕಲೆಕ್ಟರನ ಠಾಣೆ ಇಲ್ಲೇ ಇತ್ತಾದರೂ ಅದು 1860ರಲ್ಲಿ ತಂಜಾವೂರಿಗೆ ಹೋಯಿತು. 1861ರಲ್ಲಿ ನಾಗಪಟ್ಟಣಕ್ಕೆ ರೈಲು ಬಂದು ಅಳಿದುಳಿದ ವ್ಯಾಪಾರವೂ ಅತ್ತ ಸರಿಯಿತು. ಸಂಜೆಯ ಬಸ್ಸು ಹಿಡಿದು ಅದೇ ದಿಕ್ಕಿಗೆ ಹೊರಡುವ ಬೆನ್ನುಚೀಲದವರಿಗೆ ಹನ್ನೆರಡು ಹದಿಮೂರು ಕಿಲೋಮೀಟರಿನಲ್ಲಿ 1739ರಿಂದ ಫ್ರೆಂಚರದಾಗಿದ್ದ, ಈಗ ಪುದುಚೇರಿಗೆ ಸೇರಿದ ಕಾರೈಕಲ್ ಸಿಗುತ್ತದೆ. ಅದರಾಚೆಗೆ, ಪೋರ್ಚುಗೀಸರಿಂದ 1658ರಲ್ಲಿ ಡಚ್ಚರು, ಡಚ್ಚರಿಂದ 1781ರಲ್ಲಿ ಬ್ರಿಟಿಷರು ಕಸಿದುಕೊಂಡ ನಾಗಪಟ್ಟಣ. ಅಲ್ಲಿ ಹುಡುಕಿ ನೋಡಬೇಕಾದದ್ದು ಬಹಳಷ್ಟಿದೆ, ಯಾಕೆಂದರೆ ಆ ಊರು ಬೆಳೆಯಿತು.